ವಿದ್ಯಾಪೀಠದ ಧರ್ಮಗುರು: ಹೊವಾರ್ಡ್ ಥರ್ಮನ್ನರ ಕಾರ್ಯ

ಮಗನನ್ನು ದೂರದ ಪಟ್ಟಣಕ್ಕೆ ಓದಲು ಕಳುಹಿಸುವ ತಂದೆತಾಯಿಗಳಿಗೆ ಎರಡು ಚಿಂತೆಗಳುಂಟು. ಅವನ ಊಟವಸತಿಗಳು ಹೇಗಾದಾವು ಎಂಬುದೊಂದು. ಮನೆಯಲ್ಲಿ ಕಲಿತ ದೇವರ ನೆನಹು ಅವನಲ್ಲಿ ಉಳಿದೀತೇ ಎಂಬುದು ಇನ್ನೊಂದು. ಈ ಎರಡನೆಯ ಚಿಂತೆಯನ್ನರಿತು, ಪಾಶ್ಚಾತ್ಯ ವಿಶ್ವವಿದ್ಯಾಲಯಗಳಲ್ಲಿ ಒಬ್ಬ ಧರ್ಮಗುರುವನ್ನು ನೇಮಿಸುವ ವಾಡಿಕೆಯು ಬಹುಕಾಲದಿಂದ ಬಂದಿರುವುದು. ಆತನಿಗೆ ಚಾಪ್ಲೇನ್ ಎಂದು ಹೆಸರು. ಭಾನುವಾರದ ಉಪದೇಶ, ರೋಗಿಗಳ ಭೇಟಿ, ದಿಕ್ಕುಗೆಟ್ಟ ವಿದ್ಯಾರ್ಥಿಗೆ ಸಮಾಧಾನ, ಇವು ಆತನ ಕೆಲಸಗಳು. ಆದರೆ ವಿದ್ಯಾರ್ಥಿಗಳು ನಾನಾ ಮತದವರಾಗಿರುವಲ್ಲಿ, ಒಂದು ಮತದ ಗುರುವು ಎಲ್ಲರಿಗೂ ಗುರುವಾಗುವುದೆಂತು? ಈ ಪ್ರಶ್ನೆಗೆ ನಡತೆಯಿಂದಲೇ ಉತ್ತರವಿತ್ತವರು ಅಮೇರಿಕೆಯ ಹೊವಾರ್ಡ್ ಥರ್ಮನ್ನರು.

ಇವರು 1899ರಲ್ಲಿ ಫ್ಲಾರಿಡಾ ಸಂಸ್ಥಾನದ ಬಡ ಕಪ್ಪು ಕುಟುಂಬವೊಂದರಲ್ಲಿ ಜನಿಸಿದರು. ಅಜ್ಜಿ ನ್ಯಾನ್ಸಿ ಆಂಬ್ರೋಸಳು ದಾಸ್ಯದಲ್ಲಿ ಹುಟ್ಟಿದವಳು, ಓದು ಬಾರದವಳು. ಮೊಮ್ಮಗನಿಂದ ಬೈಬಲ್ಲನ್ನು ಓದಿಸಿ ಕೇಳುತ್ತಿದ್ದಳಾದರೂ, ಸಂತ ಪೌಲನ ಪತ್ರಗಳಲ್ಲಿ ಪ್ರೀತಿಯನ್ನು ಕುರಿತ ಒಂದು ಅಧ್ಯಾಯದ ಹೊರತು ಉಳಿದುದನ್ನು ಓದಗೊಡುತ್ತಿರಲಿಲ್ಲ. ಗುಲಾಮರು ಒಡೆಯರಿಗೆ ವಿಧೇಯರಾಗಿರಬೇಕೆಂದು ಒಡೆಯನ ಪಾದ್ರಿಯು ಪೌಲನ ಮಾತುಗಳನ್ನೇ ಹಿಡಿದು ಬೋಧಿಸುತ್ತಿದ್ದುದು ಇದಕ್ಕೆ ಕಾರಣ. ಒಂದೇ ಗ್ರಂಥವು ಬಿಡುಗಡೆಗೂ ಸಂಕೋಲೆಗೂ ಸಾಧನವಾಗಬಲ್ಲುದೆಂಬ ಪಾಠವನ್ನು ಬಾಲಕನು ಆ ಮುದುಕಿಯ ಬಳಿಯಲ್ಲಿಯೇ ಕಲಿತನು.

ಮುಂದೆ ಅವರು 1932ರಿಂದ ವಾಷಿಂಗ್ಟನ್ ನಗರದ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಕಪ್ಪು ತರುಣರಿಗೆ ಬೋಧಕರಾಗಿದ್ದು, ಅಲ್ಲಿಯ ಪ್ರಾರ್ಥನಾಮಂದಿರದ ಹೊಣೆಯನ್ನೂ ಹೊತ್ತರು. 1935ರಲ್ಲಿ ಪತ್ನಿ ಸೂ ಬೇಲಿಯವರೊಡನೆ ಸಿಂಹಳ, ಭಾರತ, ಬರ್ಮಾಗಳ ಯಾತ್ರೆಗೆ ಹೊರಟರು. ಕೊಲಂಬೋ ನಗರದ ಕಾನೂನು ವಿದ್ಯಾಲಯದಲ್ಲಿ ಒಬ್ಬರು ಅವರನ್ನು ನೇರವಾಗಿ ಪ್ರಶ್ನಿಸಿದರು: ನಿಮ್ಮ ಹಿರಿಯರನ್ನು ಹಿಡಿದು ಮಾರಿದವರು ಕ್ರೈಸ್ತರು, ಆ ಮತದ ಹೆಸರಿನಲ್ಲಿ ನೀವು ಇಲ್ಲಿಗೆ ಬಂದುದು ಹೇಗೆ? ಈ ಪ್ರಶ್ನೆಯು ಥರ್ಮನ್ನರ ಮನಸ್ಸಿನಲ್ಲಿ ಬಹುಕಾಲ ಉಳಿಯಿತು. 1949ರಲ್ಲಿ ಅವರು ಪ್ರಕಟಿಸಿದ ‘ಜೀಸಸ್ ಅಂಡ್ ದಿ ಡಿಸಿನ್ಹೆರಿಟೆಡ್’ ಎಂಬ ಗ್ರಂಥವು ಅದಕ್ಕೆ ಕೊಟ್ಟ ಉತ್ತರವೇ ಸರಿ. 1936ರ ಫೆಬ್ರವರಿಯಲ್ಲಿ ಬಾರ್ಡೋಲಿಯಲ್ಲಿ ಈ ತಂಡಕ್ಕೆ ಮಹಾತ್ಮಾ ಗಾಂಧಿಯವರ ದರ್ಶನವಾಯಿತು. ಕಪ್ಪು ಜನರ ಕಷ್ಟಗಳನ್ನು ಗಾಂಧಿಯವರು ಬಿಡಿಬಿಡಿಯಾಗಿ ವಿಚಾರಿಸಿದರು. ಅಹಿಂಸೆಯ ಶುದ್ಧ ಸಂದೇಶವು ಬಹುಶಃ ಆ ಜನರ ಮೂಲಕವೇ ಲೋಕಕ್ಕೆ ಮುಟ್ಟೀತೆಂದು ನುಡಿದರು.

1953ರಲ್ಲಿ ಥರ್ಮನ್ನರು ಬಾಸ್ಟನ್ ವಿಶ್ವವಿದ್ಯಾಲಯದ ಮಾರ್ಷ್ ಪ್ರಾರ್ಥನಾಮಂದಿರದ ಡೀನ್, ಎಂದರೆ ಮುಖ್ಯ ಗುರು, ಆದರು. ಬಿಳಿಯರೇ ಹೆಚ್ಚಾಗಿದ್ದ ಅಮೇರಿಕದ ವಿಶ್ವವಿದ್ಯಾಲಯವೊಂದರಲ್ಲಿ ಕಪ್ಪು ಮನುಷ್ಯನೊಬ್ಬನು ಈ ಪದವಿಗೆ ಏರಿದುದು ಅದೇ ಮೊದಲು. ಆ ಕಾಲದಲ್ಲಿ ಅಲ್ಲಿ ಓದಲು ಬಂದ ಜಲ್ಮನ್ ಶಾಕ್ಟರ್ ಎಂಬ ಯೆಹೂದ್ಯ ಗುರುವು ತನ್ನ ಅನುಭವವೊಂದನ್ನು ಹೇಳಿರುವನು. ತರಗತಿಗೆ ಮುಂಚೆ ಪ್ರಾತಃಪ್ರಾರ್ಥನೆಗೆ ಆತನಿಗೆ ಸ್ಥಳ ಬೇಕಾಗಿತ್ತು. ಕೆಳಗಿನ ಚಿಕ್ಕ ಗುಡಿಯಲ್ಲಿ ಹಿತ್ತಾಳೆಯ ಶಿಲುಬೆಯಿದ್ದುದರಿಂದ ಆತನು ಹೊರಗೆ ಒಂದು ಮೂಲೆಯಲ್ಲಿ ಪ್ರಾರ್ಥಿಸುತ್ತಿದ್ದನು. ಕಪ್ಪು ಮನುಷ್ಯನೊಬ್ಬನು ಅದನ್ನು ಕಂಡು, ಚಿಕ್ಕ ಗುಡಿಯನ್ನು ನಾಳೆ ಒಮ್ಮೆ ನೋಡಿ ಎಂದನು. ಮರುದಿನ ಹೋಗಿ ನೋಡಲು, ಶಿಲುಬೆಯು ಅಲ್ಲಿರಲಿಲ್ಲ. ಎರಡು ದೀಪಗಳು ಉರಿಯುತ್ತಿದ್ದುವು. ಯೆಹೂದ್ಯರಿಗೂ ಪೂಜ್ಯವಾದ 139ನೆಯ ಕೀರ್ತನೆಯ ಪುಟವನ್ನು ತೆರೆದಿಡಲಾಗಿತ್ತು. ಜವಾನನೆಂದು ತಾನು ಭಾವಿಸಿದ್ದ ಆ ಮನುಷ್ಯನೇ ಡೀನ್ ಥರ್ಮನ್ನರೆಂಬುದು ಶಾಕ್ಟರನಿಗೆ ತಿಳಿದುದು ಬಳಿಕ.

ವಿಚಾರಿಸಿ ನೋಡಿದರೆ ಕೊಲಂಬೋವಿನ ಪ್ರಶ್ನೆಗೆ ಇದೂ ಒಂದು ಉತ್ತರವಾಗಿರುವುದು. ಬಲವಂತರ ಕೈಯಲ್ಲಿ ಧರ್ಮವು ಏನಾಗುವುದೆಂಬುದನ್ನು ಅಜ್ಜಿಯಿಂದ ಅರಿತವನು, ಅಧಿಕಾರವು ತನ್ನ ಕೈಗೆ ಬಂದಾಗ ಅನ್ಯರ ದೇವರಿಗೆ ಎಡೆಮಾಡಿಕೊಟ್ಟನು. ತನ್ನ ನಂಬಿಕೆಯನ್ನು ಬಿಡಲೂ ಇಲ್ಲ, ಬಂದವನಿಗೆ ಅದನ್ನು ಹೊರಿಸಲೂ ಇಲ್ಲ.

ಮಾರ್ಟಿನ್ ಲೂಥರ್ ಕಿಂಗರೂ ಬಾಸ್ಟನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಥರ್ಮನ್ನರನ್ನು ಬಲ್ಲವರು. 1958ರಲ್ಲಿ ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಕಿಂಗರು ಇರಿತಕ್ಕೆ ಗುರಿಯಾದಾಗ, ಥರ್ಮನ್ನರು ಹೋಗಿ ಕಂಡು, ವೈದ್ಯರು ಹೇಳಿದುದಕ್ಕಿಂತ ಎರಡು ವಾರ ಹೆಚ್ಚು ವಿಶ್ರಮಿಸಿ, ಕೈಕೊಂಡ ಕಾರ್ಯವನ್ನು ಏಕಾಂತದಲ್ಲಿ ಚಿಂತಿಸಿರೆಂದು ಬುದ್ಧಿಹೇಳಿದರು. ಥರ್ಮನ್ನರು ಚಳವಳಿಯ ಮುಂದಾಳಾಗಲಿಲ್ಲವೆಂದು ಆಕ್ಷೇಪಿಸಿದವರೂ ಉಂಟು. ಆದರೆ ಬೀದಿಯಲ್ಲಿ ನಡೆಯುವವನಿಗೆ ಒಳಗಿನ ಬಲವನ್ನು ತುಂಬುವವನೂ ಒಬ್ಬನು ಬೇಕಲ್ಲವೇ?

ಥರ್ಮನ್ನರು 1965ರಲ್ಲಿ ಆ ಪದವಿಯಿಂದ ನಿವೃತ್ತರಾಗಿ, 1981ರಲ್ಲಿ ಕಾಲವಶರಾದರು. ಶಾಕ್ಟರನು ಅವರಲ್ಲಿ ಕಲಿತೂ ಯೆಹೂದ್ಯ ಗುರುವಾಗಿಯೇ ಬಾಳಿದನು. ಮಗನ ದೈವಚಿಂತನೆಯು ಉಳಿದೀತೇ ಎಂದು ಹಂಬಲಿಸುವ ತಂದೆತಾಯಿಗಳು ವಿದ್ಯಾಪೀಠದ ಗುರುವಿನಿಂದ ಬಯಸುವುದು ಇದಕ್ಕಿಂತ ಹೆಚ್ಚೇನು?