ವಂಶಾವಳಿ: ಹೆಳವನ ಬಾಯಿಂದ ನಾಡಕಚೇರಿಯವರೆಗೆ

ಸುಗ್ಗಿ ಮುಗಿದು ಕಣದ ರಾಶಿ ಮನೆ ಸೇರಿದ ಮೇಲೆ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಬರುವುದು ಹಳೆಯ ವಾಡಿಕೆ. ಎತ್ತನ್ನೇರಿ ಗಂಟೆ ಬಾರಿಸುತ್ತ ಬರುವ ಹೆಳವ, ಒಕ್ಕಲು ಮನೆಯ ಮುಂದೆ ನಿಂತು ಆ ಮನೆತನದ ಮೂಲಪುರುಷ ಯಾರು, ಯಾವ ಊರಿನಿಂದ ಬಂದವನು, ಅವನಿಗೆ ಮಕ್ಕಳೆಷ್ಟು, ಯಾವ ಕವಲು ಎಲ್ಲಿ ನೆಲೆಸಿತು ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಹಿಂದಿನ ಭೇಟಿಯ ನಂತರ ಹುಟ್ಟಿದವರ ಹೆಸರು ಕೇಳಿ ಸೇರಿಸಿಕೊಳ್ಳುತ್ತಾನೆ. ಪ್ರತಿಯಾಗಿ ಕಾಳುಕಡಿ, ಬಟ್ಟೆ, ಕೆಲವೊಮ್ಮೆ ದನವೂ ದೊರೆಯುತ್ತದೆ. ಈ ವೃತ್ತಿಯ ಮೂಲವನ್ನು ಸಮುದಾಯದ ಐತಿಹ್ಯ ಬಸವಣ್ಣನವರ ಕಾಲಕ್ಕೆ ಒಯ್ಯುತ್ತದೆ.

ಇದು ಬರಿಯ ಅಭಿಮಾನದ ಸಂಗತಿಯಲ್ಲ. ಹೆಣ್ಣು ಕೊಡುವಾಗ, ದತ್ತು ತೆಗೆದುಕೊಳ್ಳುವಾಗ, ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ‘ಯಾರು ಯಾರ ಮಗ’ ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ಆ ಪ್ರಶ್ನೆ ಕೇಳುವವರು ಬದಲಾದಂತೆ ವಂಶಾವಳಿಯ ಸ್ವರೂಪವೂ ಬದಲಾಗಿದೆ.

ಅರಸರಿಗೆ ಬೇಕಾಗಿದ್ದುದು ಹಿರಿಮೆ. ಬಾದಾಮಿ ಚಾಲುಕ್ಯರು ತಮ್ಮ ಶಾಸನಗಳಲ್ಲಿ ಮಾನವ್ಯಗೋತ್ರದವರು, ಹಾರೀತಿಪುತ್ರರು ಎಂದು ಹೇಳಿಕೊಂಡರು. ಅಯೋಧ್ಯೆಯ ಮಾತು ಅಲ್ಲಿಲ್ಲ. ಆದರೆ ಕಲ್ಯಾಣ ಚಾಲುಕ್ಯರ ಐದನೆಯ ವಿಕ್ರಮಾದಿತ್ಯನ 1009ರ ಕೌಥೇಮ್ ತಾಮ್ರಶಾಸನದ ಪ್ರಕಾರ ಆ ವಂಶದ 59 ಅರಸರು ಅಯೋಧ್ಯೆಯಲ್ಲಿಯೂ ಆಮೇಲೆ 16 ಮಂದಿ ದಕ್ಷಿಣಾಪಥದಲ್ಲಿಯೂ ಆಳಿದರು! ಹತ್ತೊಂಬತ್ತನೆಯ ಶತಮಾನದಲ್ಲಿ ಜೆ.ಎಫ್. ಫ್ಲೀಟ್ ಅವರಂಥ ವಿದ್ವಾಂಸರು ಶಾಸನಕ್ಕೆ ಶಾಸನವನ್ನು ಹೋಲಿಸಿ, ಇಂಥ ಭಾಗಗಳು ನಂತರದ ಕಲ್ಪನೆಯೆಂದು ತೋರಿಸಿಕೊಟ್ಟರು. ವಂಶಾವಳಿಯನ್ನು ನಂಬುವ ಮೊದಲು ಪರೀಕ್ಷಿಸಬೇಕೆಂಬ ಕ್ರಮ ಹೀಗೆ ಬೇರೂರಿತು.

ಎಲ್ಲ ಶಾಸನಗಳೂ ರಾಜವೈಭವಕ್ಕೆ ಮೀಸಲಲ್ಲ. ತೆಲಂಗಾಣದ ಕರೀಂನಗರ ಪ್ರದೇಶದ ಕುರಿಕ್ಯಾಲದಲ್ಲಿ ಆದಿಕವಿ ಪಂಪನ ತಮ್ಮ ಜಿನವಲ್ಲಭ ಹತ್ತನೆಯ ಶತಮಾನದಲ್ಲಿ ಬಂಡೆಯ ಮೇಲೆ ಬರೆಸಿದ ಶಾಸನವಿದೆ. ಪಂಪ ತನ್ನ ಕಾವ್ಯದಲ್ಲಿ ಮುತ್ತಜ್ಜ, ಅಜ್ಜ, ತಂದೆಯರ ಪರಂಪರೆಯನ್ನು ಹೇಳಿಕೊಂಡಿದ್ದಾನೆ. ತಾಯಿಯ ಹೆಸರು ಅಬ್ಬಣಬ್ಬೆ ಎಂದು ನಾಡಿಗೆ ತಿಳಿದದ್ದು ತಮ್ಮನ ಈ ಶಾಸನದಿಂದ.

ಬ್ರಿಟಿಷರ ಆಡಳಿತದಲ್ಲಿ ವಂಶಾವಳಿ ದಾಖಲೆಯಾಯಿತು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಭಾಗಗಳಲ್ಲಿ 1852ರ ಕಾಯಿದೆಯಂತೆ ಇನಾಮು ಜಮೀನುಗಳ ವಿಚಾರಣೆ ನಡೆಯಿತು. ಭೂಮಿ ಉಳಿಸಿಕೊಳ್ಳಬೇಕಾದವರು ಸನದು ತೋರಿಸಿ, ತಾವು ಯಾರ ಸಂತತಿಯವರೆಂಬುದನ್ನೂ ಸಿದ್ಧಪಡಿಸಬೇಕಾಯಿತು. 1872ರ ಸಾಕ್ಷ್ಯ ಕಾಯಿದೆ, ತೀರಿಕೊಂಡವರು ಮನೆತನದ ಸಂಬಂಧಗಳ ಬಗ್ಗೆ ಆಡಿದ ಮಾತನ್ನೂ ವಂಶಾವಳಿಯಲ್ಲಿ ಬರೆದಿಟ್ಟದ್ದನ್ನೂ ಕೆಲವು ಷರತ್ತುಗಳೊಡನೆ ಸಾಕ್ಷ್ಯವೆಂದು ಒಪ್ಪಿತು. ಜಗಲಿಯ ಮೇಲಿನ ನೆನಪು ಕೋರ್ಟಿನ ಕಟ್ಟೆ ಏರಿತು.

ಆದರೆ ಈ ಬಗೆಯ ಹೆಚ್ಚಿನ ವಂಶಾವಳಿಗಳಿಗೆ ಒಂದು ಸಮಾನ ಕೊರತೆಯಿದೆ. ಅವು ಗಂಡುಸಂತತಿಯ ಜಾಡು ಹಿಡಿದು ಸಾಗುತ್ತವೆ. ಮದುವೆಯಾಗಿ ಹೋದ ಮಗಳು ಆ ಮರದಿಂದ ಉದುರಿದ ಎಲೆಯಂತೆ. ಭೂಮಿ ಗಂಡುಮಕ್ಕಳ ಪಾಲೆಂದಿದ್ದಾಗ ಅವಳ ಹೆಸರು ಬರೆಯುವ ಅಗತ್ಯ ಯಾರಿಗೂ ಕಾಣಲಿಲ್ಲ.

ಕಾನೂನು ಈ ಲೆಕ್ಕವನ್ನು ತಿದ್ದಿತು. 1994ರಲ್ಲಿ ಕರ್ನಾಟಕ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ತಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ನೀಡಿತು. ಅದಕ್ಕೆ ಮೊದಲೇ ಮದುವೆಯಾದವರು ಹೊರಗುಳಿದಿದ್ದರು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೊಡೆದುಹಾಕಿತು. 2005ಕ್ಕೆ ಮುನ್ನವೇ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕಿಗೆ ಅದು ಅಡ್ಡಿಯಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಇಂದು ಪೌತಿ ಖಾತೆಗೆಂದು ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಕೊಡುವ ಕುಟುಂಬ ಗಂಡುಮಕ್ಕಳ ಹೆಸರಿನೊಡನೆ ಹೆಣ್ಣುಮಕ್ಕಳ ಹೆಸರನ್ನೂ ಕಾಣಿಸಬೇಕು. ಹೆಸರು ಬಿಟ್ಟುಹೋದರೆ ಹಕ್ಕೇನೂ ಅಳಿಯದು, ಆದರೆ ಅದನ್ನು ಪಡೆಯಲು ಮಗಳು ಕೋರ್ಟಿಗೆ ಅಲೆಯಬೇಕಾಗುತ್ತದೆ. ಅಬ್ಬಣಬ್ಬೆಯ ಹೆಸರು ಉಳಿಯಲು ಮಗನೊಬ್ಬ ಬಂಡೆಯ ಮೇಲೆ ಬರೆಸಬೇಕಾಯಿತು. ಈಗಿನ ಮಗಳಿಗೆ ಅರ್ಜಿಯಲ್ಲಿ ಒಂದು ಸಾಲು ಸಾಕು. ಅದನ್ನು ಬರೆಯುವುದು ಮಾತ್ರ ಇಂದಿಗೂ ಮನೆಯವರ ಕೈಯಲ್ಲೇ ಇದೆ.