ಪ್ರೆಸ್ ಇಲ್ಲದವರ ತಗಡು

ಮೊದಲ ಮೋಟಾರು ಕಾರುಗಳ ಬಾಡಿ ಕಟ್ಟಿದವರು ಸಾರೋಟು ಮಾಡುತ್ತಿದ್ದ ಬಡಗಿಗಳು. ಆಶ್ ಮರದ ಚೌಕಟ್ಟು ನಿಲ್ಲಿಸಿ, ಅದರ ಮೇಲೆ ಉಕ್ಕಿನದೋ ಅಲ್ಯೂಮಿನಿಯಂನದೋ ತಗಡು ಹೊದಿಸಿ ಮೊಳೆ ಹೊಡೆಯುತ್ತಿದ್ದರು. ತಗಡೂ ಆಗ ಬಹುಮಟ್ಟಿಗೆ ಕೈಗೆಲಸದ ಸರಕು. ಕಾದ ಉಕ್ಕಿನ ಹಾಳೆಗಳನ್ನು ಮಡಿಸಿ, ಒಂದರ ಮೇಲೊಂದು ಪೇರಿಸಿ ರೋಲರುಗಳ ನಡುವೆ ಹಾಯಿಸಬೇಕು. ಅಂಟಿಕೊಂಡ ಹಾಳೆಗಳನ್ನು ಆಮೇಲೆ ಆಳುಗಳೇ ಬಿಡಿಸಬೇಕು. ದಪ್ಪ ಒಂದೇ ಸಮ ಬರುತ್ತಿರಲಿಲ್ಲ. ಅಮೆರಿಕದ ಆಶ್‌ಲ್ಯಾಂಡಿನಲ್ಲಿ ಜಾನ್ ಟೈಟಸ್ ರೂಪಿಸಿದ, ಉಕ್ಕನ್ನು ಕಡಿಯದ ಪಟ್ಟಿಯಾಗಿ ಎಳೆಯುವ ಗಿರಣಿ 1924ರ ಹೊತ್ತಿಗೆ ಓಡತೊಡಗಿತು. ಅಗಲವಾದ, ಸಮ ದಪ್ಪದ, ನುಣುಪಾದ ತಗಡು ಅಗ್ಗವಾದದ್ದು ಆಮೇಲೆ.

ಅದಕ್ಕೆ ಮೊದಲೇ ಫಿಲಡೆಲ್ಫಿಯಾದ ಎಡ್ವರ್ಡ್ ಬಡ್ 1914ರಲ್ಲಿ ಡಾಡ್ಜ್ ಕಾರುಗಳಿಗೆ ಪೂರ್ತಿ ಉಕ್ಕಿನ ಬಾಡಿ ಕೊಡಲು ಶುರುಮಾಡಿದ್ದ. ತಗಡನ್ನು ಅಚ್ಚಿನಲ್ಲಿಟ್ಟು ಪ್ರೆಸ್ಸಿನಿಂದ ಒತ್ತಿ, ಭಾಗಗಳನ್ನು ಬೆಸೆದು ಜೋಡಿಸುವುದು ಅವನ ಕ್ರಮ. ಇಂದಿಗೂ ಕಾರು ಕಾರ್ಖಾನೆಗಳು ನಡೆಯುತ್ತಿರುವುದು ಅದೇ ಹಾದಿಯಲ್ಲಿ. ಆದರೆ ಅಚ್ಚುಗಳ ಬೆಲೆ ವಿಪರೀತ. ಸಾವಿರಾರು ಬಾಡಿಗಳನ್ನು ಒತ್ತಿದರೆ ಮಾತ್ರ ಅದು ಗಿಟ್ಟುತ್ತದೆ. ಪ್ರೆಸ್ ಇಲ್ಲದವರು ತಗಡಿನ ಜೊತೆ ಏಗಿದ ಕಥೆ ಇದಕ್ಕಿಂತ ಬೇರೆಯದು, ಮನೆಯ ಹಿತ್ತಲಲ್ಲಿ ಗಾಡಿ ಕಟ್ಟುವವರಿಗೆ ಹೆಚ್ಚು ಹತ್ತಿರದ್ದು.

ಅದರ ದೊಡ್ಡ ಉದಾಹರಣೆ ಲ್ಯಾಂಡ್ ರೋವರ್. ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ಉಕ್ಕಿಗೆ ಪಡಿತರ. ಹೊರದೇಶಗಳಿಗೆ ಮಾರುವಂಥದ್ದನ್ನು ಮಾಡುವವರಿಗೆ ಮಾತ್ರ ಸರ್ಕಾರ ಕೈಬಿಚ್ಚಿ ಉಕ್ಕು ಕೊಡುತ್ತಿತ್ತು. ವಿಮಾನ ಕಾರ್ಖಾನೆಗಳ ಬೇಡಿಕೆ ಇಳಿದದ್ದರಿಂದ ಅಲ್ಯೂಮಿನಿಯಂ ಮಾತ್ರ ಬೇಕಾದಷ್ಟು ಸಿಗುತ್ತಿತ್ತು. ಸೋಲಿಹಲ್‌ನ ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ತನ್ನ ಜಮೀನಿನ ಕೆಲಸಕ್ಕೆ ಯುದ್ಧಕಾಲದ ಒಂದು ಜೀಪನ್ನು ಬಳಸುತ್ತಿದ್ದ. ಅಂಥದೇ ರೈತರ ಗಾಡಿಯೊಂದನ್ನು ಮಾಡುವ ಯೋಚನೆ 1947ರಲ್ಲಿ ಹುಟ್ಟಿತು. ಹೊಸ ಅಚ್ಚುಗಳಿಗೆ ಸುರಿಯಲು ಹಣವೂ ಇರಲಿಲ್ಲ, ಕಾಯಲು ಕಾಲವೂ ಇರಲಿಲ್ಲ.

ಎಂಜಿನಿಯರುಗಳು ಕಂಡುಕೊಂಡ ಉಪಾಯ ಸರಳ. ಬಾಡಿಗೆ ಬರ್ಮಾಬ್ರೈಟ್ ಎಂಬ, ಮೆಗ್ನೀಷಿಯಂ ಬೆರೆಸಿದ ಅಲ್ಯೂಮಿನಿಯಂ ತಗಡು. ಅದನ್ನು ಉಬ್ಬಿಸಿ ಬಳುಕಿಸಲು ಹೋಗದೆ, ಚಪ್ಪಟೆಯಾಗಿಯೇ ಬಿಟ್ಟು ಅಂಚುಗಳನ್ನಷ್ಟೇ ಮಡಿಸಿದರು. ಚಾಸಿಗೆ ಸಿದ್ಧ ಕೊಳವೆಯನ್ನು ಕೊಳ್ಳಲಿಲ್ಲ. ಉಕ್ಕಿನ ಪಟ್ಟಿಗಳನ್ನು ಕತ್ತರಿಸಿ, ನಾಲ್ಕನ್ನು ಚೌಕಟ್ಟಿನಲ್ಲಿ ಬಿಗಿದು ಅಂಚಿಗೆ ಅಂಚು ಬೆಸೆದು ಪೆಟ್ಟಿಗೆಯಾಕಾರದ ತೊಲೆ ಮಾಡಿದರು. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡಾಂ ಪ್ರದರ್ಶನದಲ್ಲಿ ಗಾಡಿ ಹೊರಬಂತು. ಅದರ ನೇರ ಗೆರೆಗಳ ರೂಪ ಕೊರತೆ ತಂದದ್ದು, ಅಷ್ಟೇ ಚೆಲುವಾದದ್ದೂ ಹೌದು. ತಗಡಿನ ನಿಜವಾದ ಬೆಲೆ ತಕ್ಕಡಿಯಲ್ಲಿ ತೂಗುವ ಬೆಲೆಯಲ್ಲ, ಅದನ್ನು ಬಗ್ಗಿಸಲು ತಗಲುವ ಬೆಲೆ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿಕೊಟ್ಟ ಗಾಡಿ ಇನ್ನೊಂದಿಲ್ಲ. ಒಂದು ಊನ ಮಾತ್ರ ಉಳಿಯಿತು: ಅಲ್ಯೂಮಿನಿಯಂ ಉಕ್ಕಿಗೆ ತಾಗಿ ನೀರು ನಿಂತಲ್ಲೆಲ್ಲ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತಿತ್ತು. ಎರಡು ಲೋಹಗಳ ನಡುವೆ ಬಣ್ಣವನ್ನೋ ರಬ್ಬರನ್ನೋ ಇಡದೆ ಜೋಡಿಸುವವರಿಗೆ ಈ ಕಾಟ ಇಂದಿಗೂ ತಪ್ಪಿಲ್ಲ.

ಯುದ್ಧ ಕಳೆದ ಮೇಲೆ ವಿಮಾನದ ಕಸಬು ನೆಲದ ಗಾಡಿಗಳಿಗೆ ಇಳಿದದ್ದು ಬೆಂಗಳೂರಿನಲ್ಲೂ ಉಂಟು. 1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಯುದ್ಧಾನಂತರ ಪೂರ್ತಿ ಲೋಹದ ರೈಲು ಬೋಗಿಗಳನ್ನು ಕಟ್ಟತೊಡಗಿತು. ಆ ವಿಭಾಗವೇ ಮುಂದೆ 1964ರಲ್ಲಿ ಹುಟ್ಟಿದ ಬಿಇಎಂಎಲ್‌ಗೆ ಸೇರಿತು.

ಫಿಲಿಪೀನ್ಸ್‌ನಲ್ಲಿ ಈ ಕೆಲಸ ಬೀದಿಗೇ ಬಂತು. ಅಮೆರಿಕದ ಸೇನೆ ಬಿಟ್ಟುಹೋದ ಜೀಪುಗಳನ್ನು ಜನ ಹಿಂದಕ್ಕೆ ಉದ್ದ ಮಾಡಿ, ಎದುರುಬದುರು ಬೆಂಚು ಹಾಕಿ, ಚಾವಣಿ ಹೊದಿಸಿ ಜೀಪ್ನಿ ಮಾಡಿದರು. ಹಳೆಯ ಜೀಪುಗಳು ತೀರಿದ ಮೇಲೆ ಬಾಡಿಯನ್ನು ಪೂರ್ತಿಯಾಗಿ ತಾವೇ ಕಟ್ಟಿದರು. ಹಿಂದೆ ಕುದುರೆಗಾಡಿ ಹೊಡೆಯುತ್ತಿದ್ದ ಲಿಯೊನಾರ್ಡೊ ಸಾರಾವ್ 1953ರಲ್ಲಿ ಸ್ಥಾಪಿಸಿದ ವರ್ಕ್‌ಶಾಪು ಇವುಗಳಲ್ಲಿ ಹೆಸರಾದದ್ದು. ಸತು ಲೇಪಿಸಿದ ತಗಡು ಇಲ್ಲವೇ ಸ್ಟೇನ್‌ಲೆಸ್ ಸ್ಟೀಲು, ಜೊತೆಗೆ ಹಳೆಯ ಜಪಾನೀ ಡೀಸೆಲ್ ಎಂಜಿನ್ನು. ಉಳಿದದ್ದು ಸುತ್ತಿಗೆಯ ಕೆಲಸ.

ಬೆಸುಗೆಯ ಚರಿತ್ರೆ ಇದರ ಜೊತೆಜೊತೆಗೇ ನಡೆದಿದೆ, ಅದರ ಪಾಠಗಳನ್ನು ಜನ ಮೈಕೊಟ್ಟು ಕಲಿತಿದ್ದಾರೆ. ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ತಾಗಿದರೆ ಹುಟ್ಟುವ ಅಸಿಟಿಲೀನ್ ಅನಿಲ, ಆಮ್ಲಜನಕದೊಂದಿಗೆ ಉರಿದಾಗ 3000 ಡಿಗ್ರಿ ಸೆಲ್ಸಿಯಸ್ ಮೀರುವ ಜ್ವಾಲೆ ಕೊಡುತ್ತದೆ. ಫ್ರಾನ್ಸಿನ ಫೂಷೆ ಮತ್ತು ಪಿಕಾರ್ 1903ರ ಸುಮಾರಿಗೆ ಅದಕ್ಕೆ ತಕ್ಕ ಟಾರ್ಚು ಮಾಡಿದರು. ಆದರೆ ಅಸಿಟಿಲೀನನ್ನು ಹಾಗೆಯೇ ಒತ್ತಡಕ್ಕೆ ಗುರಿಮಾಡಿದರೆ ಗಾಳಿಯೂ ಬೇಕಿಲ್ಲ, ತಾನಾಗಿ ಸಿಡಿಯುತ್ತದೆ. ಸಿಲಿಂಡರಿನಲ್ಲಿ ಸ್ಪಂಜಿನಂಥ ವಸ್ತು ತುಂಬಿ, ಅಸಿಟೋನಿನಲ್ಲಿ ಅನಿಲವನ್ನು ಕರಗಿಸಿಡುವ ವಿಧಾನ ಬಂದದ್ದು ಇದಕ್ಕಾಗಿ. ಆ ಸಿಲಿಂಡರನ್ನು ಸುಧಾರಿಸಿದ ಸ್ವೀಡನ್ನಿನ ಗುಸ್ತಾಫ್ ಡಾಲೆನ್‌ಗೆ 1912ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಅದೇ ವರ್ಷ ಪರೀಕ್ಷೆಯೊಂದರಲ್ಲಿ ಅನಿಲ ಸಿಡಿದು ಆತ ಎರಡೂ ಕಣ್ಣು ಕಳೆದುಕೊಂಡ. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಬೇಕು, ರೆಗ್ಯುಲೇಟರಿನ ಒತ್ತಡ 15 ಪಿಎಸ್ಐ ದಾಟಬಾರದು, ತಾಮ್ರದ ಕೊಳವೆ ಬಳಸಬಾರದು ಎಂಬ ನಿಯಮಗಳ ಹಿಂದೆ ಇಂಥ ಅನುಭವಗಳಿವೆ.

ಆರ್ಕ್ ವೆಲ್ಡಿಂಗ್ ಅಗ್ಗವಾಗಿ ಎಲ್ಲ ಊರುಗಳಿಗೂ ಬಂದರೂ, ಅದರ ಕಡ್ಡಿ ತೆಳು ತಗಡನ್ನು ತೂತು ಮಾಡಿಬಿಡುತ್ತದೆ. 1950ರ ದಶಕದಲ್ಲಿ ಬಂದ, ತಂತಿಯನ್ನು ತಾನೇ ಒದಗಿಸಿಕೊಳ್ಳುವ ಸಿಓಟು ವೆಲ್ಡಿಂಗ್ ಈ ತೊಡಕನ್ನು ಬಹಳಮಟ್ಟಿಗೆ ನೀಗಿತು. ಅದರಲ್ಲೂ ಒಂದೇ ಎಳೆತಕ್ಕೆ ಬೆಸೆದರೆ ತಗಡು ಸೊಟ್ಟಗಾಗುತ್ತದೆ. ಆ ತುದಿಗೊಂದು ಈ ತುದಿಗೊಂದು ಟ್ಯಾಕ್, ಅಂದರೆ ಚುಕ್ಕಿ ಬೆಸುಗೆ, ಹಾಕುತ್ತ, ಬಿಸಿ ಆರಲು ಬಿಡುತ್ತ ಹೋಗಬೇಕು. ಆರ್ಕಿನ ಬೆಳಕನ್ನು ಬರಿಗಣ್ಣಿನಿಂದ ಕಂಡವರಿಗೆ ಕೆಲವು ಗಂಟೆಗಳ ಮೇಲೆ ಮರಳು ಬಿದ್ದ ಹಾಗೆ ಕಣ್ಣು ಚುಚ್ಚತೊಡಗುತ್ತದೆ. ತಂಪು ಕನ್ನಡಕ ಅದಕ್ಕೆ ಸಾಲದು, ಕಪ್ಪು ಗಾಜಿನ ಮುಖಕವಚವೇ ಬೇಕು.

ಇಂದು ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆಯ ಉಕ್ಕಿನ ತಗಡು. ಎಚ್‌ಆರ್ ಶೀಟು, ಅಂದರೆ ಕಾದಿರುವಾಗ ರೋಲರಿನಲ್ಲಿ ಹಾಯಿಸಿದ್ದು, ಅಗ್ಗ, ಆದರೆ ಮೇಲೆ ಕಪ್ಪು ಹೊಪ್ಪಳೆ ಇರುತ್ತದೆ. ನೆಲಹಾಸಿಗೆ, ಬ್ರ್ಯಾಕೆಟ್ಟಿಗೆ ಸಾಕು. ಹೊರಮೈಗೆ ತಣ್ಣಗಿರುವಾಗ ಹಾಯಿಸಿದ, ನುಣುಪಾದ ಸಿಆರ್ ಶೀಟು ಬೇಕು. ಕಾರ್ಖಾನೆಯ ಕಾರುಗಳ ಹೊರತಗಡು ಸುಮಾರು 0.7ರಿಂದ 0.8 ಮಿ.ಮೀ. ಇದ್ದರೂ, ಕೈಯಲ್ಲಿ ಬೆಸೆಯುವವರಿಗೆ 20 ಗೇಜ್, ಅಂದರೆ 0.9 ಮಿ.ಮೀ., ಇಲ್ಲವೇ 18 ಗೇಜ್ ಹಿಡಿತಕ್ಕೆ ಸಿಗುತ್ತದೆ. 1.2 ಮಿ.ಮೀ. ದಪ್ಪದ ಎಂಟು ಅಡಿ ನಾಲ್ಕು ಅಡಿಯ ಶೀಟು ಸುಮಾರು 28 ಕೆ.ಜಿ. ತೂಗುತ್ತದೆ, ಬೆಲೆಯ ಲೆಕ್ಕ ಅಲ್ಲಿಂದ ಶುರು.

ಮೂರನೆಯದು ಸತು ಲೇಪನದ ಜಿಐ ಶೀಟು. 1837ರಲ್ಲಿ ಫ್ರಾನ್ಸಿನ ಸೊರೆಲ್ ಹಕ್ಕುಪತ್ರ ಪಡೆದ ಈ ಲೇಪನ ತುಕ್ಕನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಉಕ್ಕು ಕರಗುವುದಕ್ಕೆ ಬಹಳ ಮುಂಚೆಯೇ, 907 ಡಿಗ್ರಿಗೆ, ಸತು ಕುದಿದು ಬಿಳಿ ಹೊಗೆಯಾಗುತ್ತದೆ. ಅದನ್ನು ಉಸಿರಾಡಿದವರಿಗೆ ಅದೇ ಸಂಜೆ ಚಳಿಜ್ವರ. ಹಿತ್ತಾಳೆ ಎರಕ ಹೊಯ್ಯುವವರು ಈ ಜ್ವರವನ್ನು ವೆಲ್ಡಿಂಗ್ ಹುಟ್ಟುವ ಮೊದಲೇ ಬಲ್ಲವರಾಗಿದ್ದರು. ಆದ್ದರಿಂದ ಜೋಡಣೆಯ ಎರಡೂ ಬದಿ ಒಂದೊಂದು ಅಂಗುಲ ಸತುವನ್ನು ಉಜ್ಜಿ ತೆಗೆಯುವುದು, ಗಾಳಿಯಾಡುವ ಕಡೆ ಗಾಳಿಗೆ ಬೆನ್ನೋ ಮುಖವೋ ಕೊಡದೆ ಅಡ್ಡಲಾಗಿ ಕೂತು ಬೆಸೆಯುವುದು, ಕೊನೆಗೆ ಬರಿಯಾದ ಉಕ್ಕಿಗೆ ಸತುವಿನ ಪುಡಿ ಬೆರೆತ ಬಣ್ಣ ಬಳಿಯುವುದು ವಾಡಿಕೆ.