ಎದೆಬಡಿತ ಎಷ್ಟಿರಬೇಕು?

2008ರ ಆಗಸ್ಟ್ 11, ಬೀಜಿಂಗ್. 10 ಮೀಟರ್ ಏರ್ ರೈಫಲ್ ಫೈನಲ್‌ನಲ್ಲಿ ಬಾಕಿ ಇದ್ದದ್ದು ಒಂದೇ ಒಂದು ಗುಂಡು. ನಮ್ಮ ಅಭಿನವ್ ಬಿಂದ್ರಾ ಮತ್ತು ಫಿನ್‌ಲ್ಯಾಂಡಿನ ಹೆನ್ರಿ ಹಕ್ಕಿನೆನ್ ಅಂಕ ಸಮ ಸಮ. ಬಿಂದ್ರಾ ಹೊಡೆದದ್ದು 10.8. ಹಕ್ಕಿನೆನ್ ಹೊಡೆದದ್ದು 9.7. ಬಿಂದ್ರಾಗೆ ಚಿನ್ನ. ಹಕ್ಕಿನೆನ್ ಬೆಳ್ಳಿಯೂ ಇಲ್ಲದೆ ಕಂಚಿಗೆ ಜಾರಿದ.

ಕೌಶಲ ಇಬ್ಬರಿಗೂ ಇತ್ತು. ಇಲ್ಲದಿದ್ರೆ ಕೊನೇ ಗುಂಡಿನ ತನಕ ಸಮವಾಗಿ ಬರ್ತಿರಲಿಲ್ಲ. ಹಾಗಾದ್ರೆ ಅಂಥ ಗಳಿಗೆಯಲ್ಲಿ ಉದ್ವೇಗ ಆಟಗಾರನಿಗೆ ಏನು ಮಾಡುತ್ತೆ?

ಇದಕ್ಕೆ ಉತ್ತರದ ಮೊದಲ ಸಾಲು ಸಿಕ್ಕಿದ್ದು ಮೈದಾನದಲ್ಲಲ್ಲ, ಇಲಿಗಳ ಪೆಟ್ಟಿಗೆಯಲ್ಲಿ. ಬೀಜಿಂಗ್‌ಗಿಂತ ಸರಿಯಾಗಿ ನೂರು ವರ್ಷ ಮೊದಲು, 1908ರಲ್ಲಿ, ಅಮೆರಿಕದ ರಾಬರ್ಟ್ ಯರ್ಕೀಸ್ ಮತ್ತು ಜಾನ್ ಡಾಡ್ಸನ್ ಇಲಿಗಳಿಗೆ ಬಿಳಿ ಪೆಟ್ಟಿಗೆ, ಕಪ್ಪು ಪೆಟ್ಟಿಗೆ ಗುರುತಿಸೋದು ಕಲಿಸಿದ್ರು. ತಪ್ಪಿದ್ರೆ ಕರೆಂಟ್ ಶಾಕ್. ಕೆಲಸ ಸುಲಭ ಇದ್ದಾಗ ಶಾಕ್ ಜೋರಾದಷ್ಟೂ ಇಲಿ ಬೇಗ ಕಲೀತು. ವ್ಯತ್ಯಾಸ ಗುರುತಿಸೋದು ಕಷ್ಟವಾದಾಗ ಮಾತ್ರ ಜೋರು ಶಾಕ್ ಕೆಲಸ ಕೆಡಿಸ್ತು. ಮಧ್ಯಮ ಶಾಕ್ ಗೆದ್ದಿತು. ಅವರು ಬರೆದದ್ದು ಕಲಿಕೆಯ ಬಗ್ಗೆ, ಕ್ರೀಡೆಯ ಬಗ್ಗೆ ಅಲ್ಲ. 1955ರಲ್ಲಿ ಕೆನಡಾದ ಡೊನಾಲ್ಡ್ ಹೆಬ್ ಮಿದುಳಿನ ಎಚ್ಚರದ ಮಟ್ಟಕ್ಕೆ ಇಂಥದ್ದೇ ಬೋರಲು ಬಟ್ಟಲಿನ ಆಕಾರದ ಗೆರೆ ಎಳೆದ. ಮುಂದೆ ಕ್ರೀಡಾ ಮನಶ್ಶಾಸ್ತ್ರ ಆ ಗೆರೆಯನ್ನ ಎತ್ತಿಕೊಂಡಿತು.

ನಾನು ಓದಿದ್ದು ಎಂಜಿನಿಯರಿಂಗ್. ನನಗಿದು ಗಣೇಶನ ಪೆಂಡಾಲಿನ ಆಂಪ್ಲಿಫೈಯರ್ ಥರ ಕಾಣುತ್ತೆ. ವಾಲ್ಯೂಮ್ ಕಮ್ಮಿ ಇಟ್ರೆ ಹಾಡು ಕೇಳಲ್ಲ. ಪೂರ್ತಿ ತಿರುಗಿಸಿದ್ರೆ ಸದ್ದು ಇರುತ್ತೆ, ಹಾಡು ಇರಲ್ಲ.

ಆದ್ರೆ ಎಲ್ಲ ಆಟಕ್ಕೂ ಒಂದೇ ವಾಲ್ಯೂಮ್ ಅಲ್ಲ. 2000ದ ಸಿಡ್ನಿಯಲ್ಲಿ ಒಟ್ಟು 240 ಕಿಲೋ ಎತ್ತಿ ಕಂಚು ಗೆದ್ದ ಕರ್ಣಂ ಮಲ್ಲೇಶ್ವರಿ ಥರದ ವೇಟ್‌ಲಿಫ್ಟರ್‌ಗಳಿಗೆ ಮೈಯೆಲ್ಲ ಬೆಂಕಿ ಬೇಕು. ಶೂಟರ್‌ಗೆ ಆ ಬೆಂಕಿಯೇ ಶತ್ರು. ಕೈ ಕೂದಲೆಳೆಯಷ್ಟು ನಡುಗಿದ್ರೂ ಪದಕ ಹೋಯ್ತು. ಅದೇ ಬೀಜಿಂಗ್‌ನಲ್ಲಿ ಉತ್ತರ ಕೊರಿಯಾದ ಪಿಸ್ತೂಲ್ ಶೂಟರ್ ಕಿಮ್ ಜಾಂಗ್ ಸು ಎರಡು ಪದಕ ಕಳಕೊಂಡ. ಪರೀಕ್ಷೆಯಲ್ಲಿ ಸಿಕ್ಕಿದ್ದು ಪ್ರೊಪ್ರನೊಲೋಲ್, ಎದೆಬಡಿತ ತಗ್ಗಿಸಿ ನಡುಕ ಇಳಿಸುವ ಔಷಧ. ಬೇರೆ ಆಟದಲ್ಲಿ ಜೋಶ್ ಏರಿಸೋ ಮದ್ದು ಹಿಡೀತಾರೆ, ಇಲ್ಲಿ ಇಳಿಸೋ ಮದ್ದು!

ಆಟಕ್ಕೆ ಮಾತ್ರ ಅಲ್ಲ, ಆಳಿಗೂ ಲೆಕ್ಕ ಬೇರೆ. ಸೋವಿಯತ್ ಕಾಲದ ಮನಶ್ಶಾಸ್ತ್ರಜ್ಞ ಯೂರಿ ಹಾನಿನ್ ಹೇಳಿದ್ದು ಇದನ್ನೇ: ಒಬ್ಬೊಬ್ಬ ಆಟಗಾರನಿಗೂ ಅವನದ್ದೇ ಆದ ಒಂದು ವಲಯ ಇರುತ್ತೆ. ಒಬ್ಬ ಕುದಿಯುವಾಗ ಗೆಲ್ತಾನೆ, ಇನ್ನೊಬ್ಬ ತಣ್ಣಗಿದ್ದಾಗ.

ಈಗ ನಮ್ಮ ಕಡೆ ಬನ್ನಿ. ಮ್ಯಾಚ್ ದಿನ ಇದೇ ಕುರ್ಚಿಯಲ್ಲಿ ಕೂತು 'ಮಾಡು ಇಲ್ಲವೇ ಮಡಿ' ಅಂತ ಗಂಟಲು ಹರಕೊಳ್ಳೋನು ನಾನೇ. ಅದನ್ನ ಕೇಳಿದ ಅಪ್ಪ ಮರುದಿನ ಬೌಂಡರಿ ಗೆರೆ ಹತ್ರ ನಿಂತು ಹತ್ತು ವರ್ಷದ ಮಗನ ಮೇಲೆ ಅದನ್ನೇ ಕೂಗ್ತಾನೆ. ಆ ಹುಡುಗ ಇನ್ನೂ ಬ್ಯಾಟ್ ಹಿಡಿಯೋದು ಕಲೀತಿದ್ದಾನೆ, ಅಂದ್ರೆ ಅವನಿಗದು ಕಷ್ಟದ ಕೆಲಸ. ಕಷ್ಟದ ಕೆಲಸಕ್ಕೆ ಜೋರು ಶಾಕ್ ಏನು ಮಾಡುತ್ತೆ ಅನ್ನೋದನ್ನ ಇಲಿಗಳು 1908ರಲ್ಲೇ ತೋರಿಸಿಕೊಟ್ಟಿವೆ.

ಮಕ್ಕಳ ವಾಲ್ಯೂಮ್ ಸ್ವಲ್ಪ ತಗ್ಗಿಸೋಣ. ನಾನು ನನ್ನದನ್ನ ತಗ್ಗಿಸ್ತೀನಿ. ನೀವು?